ಒಂದು ದೀಪ ಹೆಚ್ಚು

ಗ್ದಿನ್ಯಾ ಬಂದರಿನ ಮೇಲುಬೀದಿ, ನೆಲಮಾಳಿಗೆಯಲ್ಲಿ ನನ್ನ ಅಂಗಡಿ.
ಆರು ಮೆಟ್ಟಿಲಿಳಿದು ಬರುವವರೆಲ್ಲ
ಮೊದಲು ಹೇಳುವುದು ಒಂದೇ ಮಾತು: ಲೆನ್ಸು ಕೆಟ್ಟಿದೆ.
ಲೆನ್ಸು ಪಾಪದ್ದು, ಕೆಡುವುದು ಕಡಿಮೆ.
ಕೆಡಿಸುವುದು ಅದರ ಕೊರಳಿಗೆ ಬಿದ್ದ ನೆಂಟರು:
ಯಾವುದೋ ಕಾಲದ ಹುಡ್, ಯಾರದೋ ಅಳತೆಯ ಉಂಗುರ,
ಕಾಪಾಡುತ್ತೇನೆಂದು ಮುಂದೆ ನಿಂತ ಫಿಲ್ಟರ್.

ಗೆರ್ಟ್ರುಡಾ ಬುಜಿಶ್ ಬಂದದ್ದು ಮಾರ್ಚಿಯಲ್ಲಿ.
ಬೂಟಿನ ಕೆಸರುಹಿಮ ಮೆಟ್ಟಿಲ ಮೇಲೇ ಒದರಿ,
ಚಿಕ್ಕಪ್ಪನ ಕ್ಯಾಮೆರಾವನ್ನು
ಮೀನು ಸುತ್ತುವ ಕಾಗದದಿಂದ ಬಿಡಿಸಿಟ್ಟು
‘ಹಗಲು ಸರಿಯಿದೆ’ ಅಂದಳು,
‘ರಾತ್ರಿ ಮಾತ್ರ ಒಂದು ದೀಪ ಹೆಚ್ಚು ಬರುತ್ತದೆ.’

ಟಾರ್ಚ್ ಹಾಯಿಸಿದೆ. ಬೂಷ್ಟಿಲ್ಲ. ಗಾಜಿನ ನಡುವಿನ ಅಂಟು ಬಿಟ್ಟಿಲ್ಲ.
ಧೂಳಿದೆ; ಧೂಳು ಯಾರಲ್ಲಿಲ್ಲ,
ದೀಪ ಹುಟ್ಟಿಸುವ ತಾಕತ್ತು ಅದಕ್ಕಿಲ್ಲ.
ಲೆನ್ಸನ್ನು ನನ್ನ ಪರೀಕ್ಷೆಯ ಡಿಜಿಟಲ್ ಬಾಡಿಗೆ ಸಿಕ್ಕಿಸಿ
ಹಿಂದಿನ ಕೋಣೆಯ ಕತ್ತಲಲ್ಲಿ ಒಂದೇ ಬಲ್ಬು ಉರಿಸಿದೆ.
ಎರಡು ಬಂತು.
ಹುಡ್ ಕಳಚಿದೆ: ಮೂಲೆಗಳ ಕತ್ತಲು ಹೋಯಿತು, ದೀಪ ಹೋಗಲಿಲ್ಲ.
ಉಂಗುರದ ಒಳಮೈ ಕಪ್ಪು ಸವೆದು ಹಿತ್ತಾಳೆ ಮಿನುಗುತ್ತಿತ್ತು,
ಇವನೇ ಕಳ್ಳ ಅಂದುಕೊಂಡೆ. ತೆಗೆದೆ.
ಒಂದಿಷ್ಟು ಮಸುಕು ಇಳಿಯಿತು, ಅಷ್ಟೆ.

ಫಿಲ್ಟರ್ ಮಾತ್ರ ಕಚ್ಚಿಕೊಂಡು ಕೂತಿತ್ತು,
ಮರೆಯ ಸುತ್ತುಗಳಲ್ಲಿ ಬಾಲ್ಟಿಕ್ ಕಡಲಿನ ಉಪ್ಪು.
ಬಲ ಹಾಕಿದರೆ ಸೊಟ್ಟಗಾಗಿ ಇನ್ನೂ ಕಚ್ಚುತ್ತದೆ.
ರಬ್ಬರ್ ಬ್ಯಾಂಡ್ ಸುತ್ತಿ, ಎರಡೇ ಬೆರಳಲ್ಲಿ,
ಮಲಗಿದ ಮಗುವಿನ ಮುಷ್ಟಿಯಿಂದ ಆಟಿಕೆ ಬಿಡಿಸುವ ಹಾಗೆ
ತಿರುಗಿಸಿದೆ.
ಕರ್ ಅಂತು. ಬಂತು.

ಬಲ್ಬು ಒಂದೇ ಆಯಿತು.

ನನಗೆ ಖುಷಿ. ಬಾಯಿ ಬಿಟ್ಟೆ:
ನೋಡಿ, ಒಳಹೋದ ಬೆಳಕೆಲ್ಲ ಒಳಗೇ ಉಳಿಯುವುದಿಲ್ಲ.
ಒಂದು ಪಾಲು ಬಂದ ದಾರಿಯಲ್ಲೇ ಹೊರಡುತ್ತದೆ,
ಬಾಗಿಲಲ್ಲಿ ಈ ಚಪ್ಪಟೆ ಗಾಜು. ಬಡಿದು ಮತ್ತೆ ಒಳಗೆ.
ಎಡದ್ದು ಬಲಕ್ಕೆ, ಮೇಲಿನದು ಕೆಳಕ್ಕೆ,
ನಟ್ಟನಡುವಿನಿಂದ ಅಷ್ಟೇ ದೂರ.
ಸುಳ್ಳೇ, ಆದರೆ ಅಳತೆ ತಪ್ಪದ ಸುಳ್ಳು.

ಆಗ ಅವಳು ಚೀಲದಿಂದ ಚೌಕಟ್ಟು ಹಾಕಿದ ಒಂದು ಫೋಟೋ ತೆಗೆದಳು.
ಹಿಂದೆ ಪೆನ್ಸಿಲಿನಲ್ಲಿ: ಯಾಸ್ತಾರ್ನಿಯಾ, ನವೆಂಬರ್ ೮೭.
ಎಡ ಮೇಲ್ಗಡೆ ಕಟ್ಟೆಯ ಕಂಬ, ಪಾದರಸದ ದೀಪ.
ಬಲ ಕೆಳಗೆ ಬರೀ ಕರಿನೀರು,
ಅದರಲ್ಲೊಂದು ಹಸಿರು ಚುಕ್ಕಿ.
‘ಆ ರಾತ್ರಿ ಒಂದು ದೋಣಿ ಬರಲಿಲ್ಲ’ ಅಂದಳು.
ಹಸಿರು ಕಂಡರೆ ದೋಣಿಯ ಬಲಮೈ ನಮ್ಮ ಕಡೆಗಿದೆ ಎಂದಂತೆ,
ಬಂದರಿನ ಬಾಯಿಗೆ ಮುಖ ಮಾಡಿದೆ ಎಂದಂತೆ.
‘ಅಮ್ಮ ಬೆರಳಿಟ್ಟು ತೋರಿಸುತ್ತಾಳೆ:
ನೋಡು, ಹೊರಳಿದ್ದ. ಮನೆಗೇ ಹೊರಳಿದ್ದ ನಿಮ್ಮಪ್ಪ.’

ಮೇಜಿನ ಮೇಲಿದ್ದ ಸ್ಕೇಲಿನ ಮೇಲೆ
ಒರೆಸುವ ಬಟ್ಟೆ ಎಳೆದೆ.
ಚಿತ್ರ ಬಹಳ ಮಾಸಿದೆ, ಅಂದೆ,
ಇದರಲ್ಲಿ ಏನನ್ನೂ ಖಡಾಖಂಡಿತ ಹೇಳಲಾಗದು.

‘ಇಪ್ಪತ್ತಾರು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ್ದೇನೆ.
ಗೆರೆ ಎಳೆದು ನೋಡಿಯಾಗಿದೆ.
ನಡುವಿನಿಂದ ಆಚೆ ನಾಲ್ಕು ಸೆಂಟಿಮೀಟರ್ ಎರಡು ಮಿಲಿ,
ಈಚೆಯೂ ಅಷ್ಟೇ.
ಲೆಕ್ಕ ಗೊತ್ತಿತ್ತು. ಕಾರಣ ಬೇಕಿತ್ತು.’

ಬಿಲ್ಲು ಬರೆದೆ: ಶುಚಿ ಮಾಡಿದ್ದು, ಸುತ್ತಿಗೆ ಎಣ್ಣೆ, ನಲವತ್ತು ಜ್ಲೋತಿ.
ಅವಳು ಫಿಲ್ಟರನ್ನು ಕಣ್ಣಿಗೆ ಹಿಡಿದು
ನನ್ನನ್ನು ನೋಡಿದಳು, ಗೋಡೆ ನೋಡಿದಳು.
‘ಬರೀ ಗಾಜು’ ಅಂದಳು.
ಬರೀ ಗಾಜು, ಅಂದೆ.
ಅಮ್ಮನಿಗೆ ಏನು ಹೇಳುತ್ತೀರಿ?
‘ಅವಳಿಗೆ ಈಗ ಕಣ್ಣು ಮಂಜು.
ಬೆರಳಿಡುವ ಜಾಗ ಮಾತ್ರ ಗೊತ್ತು.’

ಚೌಕಟ್ಟಿನ ಗಾಜಿನ ಬಲ ಮೂಲೆಯಲ್ಲಿ
ಬಟಾಣಿಯಷ್ಟಗಲ ಜಿಡ್ಡು.
ಜಿಡ್ಡು ಕಂಡಲ್ಲಿ ಒರೆಸುವ ಕೈ ನನ್ನದು.
ಬಟ್ಟೆಯೂ ಕೈಯಲ್ಲೇ ಇತ್ತು.
ಹಾಗೇ ಕಾಗದ ಸುತ್ತಿ ಕೊಟ್ಟೆ.