ಬಿಳಿ ಚೌಕ

ಸಿದ್ದಾಪುರದ ಬಸ್ ನಿಲ್ದಾಣದೆದುರು
ಎರಡು ಕಂಪ್ಯೂಟರ್, ಒಂದು ಜೆರಾಕ್ಸ್,
ಗಿರಾಕಿಗೆ ಕುಂಟುವ ಸ್ಟೂಲು.
ಬೋರ್ಡಿನಲ್ಲಿ ನನ್ನ ಹೆಸರಿಲ್ಲ,
'ಪಿಡಿಎಫ್ ತಿದ್ದಿಕೊಡಲಾಗುವುದು' ಎಂದಷ್ಟೇ.
ಬರೆದವನು ದ ಒತ್ತು ಮರೆತಿದ್ದ,
ಆಮೇಲೆ ಉಗುರುಬಣ್ಣದಲ್ಲಿ ನಾನೇ ಸೇರಿಸಿದೆ.

ಬೆಳಿಗ್ಗೆ ಬರುವವು ಸಣ್ಣ ಕೆಲಸ:
ಕೊಟೇಶನ್ನಿನ ತಾರೀಕು ಮುಂದೆ ಸರಿಯಬೇಕು,
ಹೋಂಸ್ಟೇ ಬಿಲ್ಲಿಗೆ ಜಿಎಸ್‌ಟಿ ನಂಬರು ಕೂರಬೇಕು,
ಜೇನು ಸೊಸೈಟಿಯ ಹದಿನೆಂಟು ಪುಟ
ಎರಡು ಎಂಬಿಯೊಳಗೆ ಮುದುಡಿಕೊಳ್ಳಬೇಕು.
ಸೈಟು ದಿನಕ್ಕೆ ಮೂರು ಫೈಲು ಪುಕ್ಕಟೆ ಬಿಡುತ್ತದೆ;
ನಾಲ್ಕನೆಯದಕ್ಕೆ ನಾನು
ಪಕ್ಕದ ಟೈಲರ್ ಪುಷ್ಪಲತಾಳ ಫೋನಿನಿಂದ ಒಳಹೋಗುತ್ತೇನೆ.

ಮೊನ್ನೆ ಮೊಯಿದು ಬಂದರು.
ಅಂಗಿಯ ತೋಳಿಗೆ ಕಾಳುಮೆಣಸಿನ ಧೂಳು,
ಅವರು ಕೂತ ಕೂಡಲೇ ನನಗೆ ಸೀನು.
ಪೆನ್‌ಡ್ರೈವಿನಲ್ಲಿ ಲೆಟರ್‌ಹೆಡ್ಡು:
'ಬೆಳ್ಯಪ್ಪ ಮತ್ತು ಮೊಯಿದು,
ಮೆಣಸು, ಕಾಫಿ, ಏಲಕ್ಕಿ ವ್ಯಾಪಾರಿಗಳು.'
"ಮೊದಲಿನ ಹೆಸರು ತೆಗಿ ಮೋಳೆ."
ಯಾಕೆಂದು ಕೇಳುವುದು
ಹದಿನೈದು ರೂಪಾಯಿಯಲ್ಲಿ ಬರುವುದಿಲ್ಲ.
ಅವರೇ ಹೇಳಿದರು: ತೇವಾಂಶ.
ಹನ್ನೊಂದು ಅಂತ ಒಬ್ಬರು, ಹದಿಮೂರು ಅಂತ ಇನ್ನೊಬ್ಬರು.
ಇಪ್ಪತ್ತೆರಡು ವರ್ಷ
ಎರಡು ಪರ್ಸೆಂಟಿನಲ್ಲಿ ಒಣಗಿಹೋಗಿತ್ತು.

ಹೆಸರನ್ನು ಹಿಡಿಯಹೋದೆ.
ಮುಟ್ಟಿದ್ದೇ ತಡ ಬೆಳ್ಯಪ್ಪ ಚದುರಿಬಿಟ್ಟರು,
ಬೆಳ್ ಒಂದು ಸಾಲಿನಲ್ಲಿ, ಯ ಇನ್ನೊಂದರಲ್ಲಿ,
ಎರಡು ಪ ಪರಿಚಯವೇ ಇಲ್ಲದವರ ಹಾಗೆ ಅಕ್ಕಪಕ್ಕ.
ನಮ್ಮ ಒತ್ತಕ್ಷರ ಕಂಡರೆ
ಈ ಸೈಟಿಗೆ ಕೈಕಾಲು ಆಡುವುದಿಲ್ಲ.
ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿದೆ,
ಬಿಳಿ ಚೌಕವೊಂದನ್ನು ಎಳೆದು ಹೆಸರಿಗೆ ಹೊದಿಸಿದೆ.
"ಜಾಗ ಖಾಲಿ ಹೊಡೀತದಲ್ಲ," ಅಂದರು ಮೊಯಿದು.
'ಮತ್ತು' ಉಳಿದಿತ್ತು.
ಅದನ್ನೂ ಮುಚ್ಚಿದೆ.

ಮುಚ್ಚಿದ್ದು ಅಳಿಸಿದ್ದಲ್ಲ,
ಚೌಕದ ಕೆಳಗೆ ಹೆಸರು ಎಚ್ಚರವಾಗಿಯೇ ಇರುತ್ತದೆ.
ಹೇಳಬೇಕಿತ್ತು.
ವಿರಾಜಪೇಟೆ ಬಸ್ಸು ಹಾರನ್ ಹೊಡೆಯುತ್ತಿತ್ತು,
ಅವರು ಚಿಲ್ಲರೆ ಎಣಿಸುತ್ತಿದ್ದರು.

ಶುಕ್ರವಾರ ಬೆಳ್ಯಪ್ಪ.
ಅದೇ ಫೈಲು, ಅದೇ ಸ್ಟೂಲು,
ಈ ಸಲ ಎರಡನೆಯ ಹೆಸರು.
ಮೊಯಿದುವಿಗೆ ಒತ್ತಿಲ್ಲ,
ಒಂದು ಕ್ಲಿಕ್ಕಿಗೆ ಬೇರುಸಮೇತ ಬರುತ್ತಿತ್ತು.
ಬೆರಳು ಅಲ್ಲೇ ಇತ್ತು.
ಚೌಕವನ್ನೇ ಎಳೆದೆ.

ಮೈಸೂರಿನ ಮಂಡಿಯವನು
ಲೆಟರ್‌ಹೆಡ್ಡಿನ ವಿಳಾಸ ಕಾಪಿ ಮಾಡಿ
ತನ್ನ ಆರ್ಡರಿನಲ್ಲಿ ಅಂಟಿಸಿದನಂತೆ.
ಬೆಳ್ ಯ ಪ ಪ ಮತ್ತು ಮೊಯಿದು
ಒಟ್ಟಿಗೇ ಎದ್ದು ಬಂದರಂತೆ.
"ನಿಮ್ಮ ಪಾರ್ಟ್‌ನರಿಗೆ ಮೈ ಸರಿಯಿಲ್ಲವಾ,
ಹೆಸರು ಹೀಗೇಕೆ?" ಎಂದು ಫೋನು ಬೇರೆ.

ಮೊಯಿದು ಬಂದು ನಿಂತರು.
ಡ್ರಾಯರ್ ಎಳೆದು ಹದಿನೈದು ರೂಪಾಯಿ ಮುಂದಿಟ್ಟೆ.
ಮುಟ್ಟಲಿಲ್ಲ.
"ಅವನೂ ಬಂದಿದ್ದನಾ?"
ಹೂಂ.
"ಅವನ ಕಾಗದದಲ್ಲಿ ನಾನು?"
ಕೆಳಗೆ ಇದ್ದೀರಿ, ಅಂದೆ.
ಕುಂಟು ಸ್ಟೂಲಿನ ಮೇಲೆ ಕೂತರು,
ಕರೆಂಟು ಹೋಯಿತು, ಫ್ಯಾನು ನಿಧಾನಕ್ಕೆ ನಿಂತಿತು.
ಬಹಳ ಹೊತ್ತಿನ ಮೇಲೆ,
"ಅವನ ಹತ್ರ ಎಷ್ಟು ತಗೊಂಡೆ?"

ಹದಿನೈದೇ.