ಲವಂಗದ ಲೆಕ್ಕ

ಮಸ್ಜಿದ್ ಬಂದರು, ಮೂರನೇ ಮಾಳಿಗೆ.
ಫ್ಯಾನಿನ ಗಾಳಿಗೂ ಘಾಟು ಹತ್ತಿದೆ.
ಪರದೆಯ ಮೇಲೆ ಗೆರೆ ಎಳೆದಳು ಶಲಾಕಾ:
ಹತ್ತು ವರ್ಷದ ದರ, ಅದರ ಮುಂದೆ ಚುಕ್ಕಿ, ಚುಕ್ಕಿ, ಚುಕ್ಕಿ,
ಶಾಲೆಗೆ ಹೊರಟ ಹುಡುಗಿಯ ಬೈತಲೆಯಷ್ಟು ನೇರ.

ದಾಮಜೀಭಾಯಿ ಮಾತಾಡಲಿಲ್ಲ.
ನನ್ನ ಕೈ ಎಳೆದುಕೊಂಡು ಮೇಲೆ ಟವೆಲು ಮುಚ್ಚಿದ.
ಇಪ್ಪತ್ತೆಂಟು ವರ್ಷದಿಂದ ಬಲ್ಲೆ ಈ ಬೆರಳುಗಳನ್ನು.
ಪೂರ್ತಿ ಹಿಡಿದರೆ ನೂರು,
ಗಿಣ್ಣು ಮುಟ್ಟಿದರೆ ಅದರರ್ಧ.
ಇವತ್ತು ಯಾವುದೂ ಅಲುಗಲಿಲ್ಲ.

‘ಜಾವಾದಲ್ಲಿ ಸಿಗರೇಟಿಗೆ ಸುಂಕ ಏರಿಸಿದ್ದಾರೆ,
ಮಡಗಾಸ್ಕರಿನಲ್ಲಿ ಗಾಳಿ ಎದ್ದಿದೆ.
ಒಂದೂ ಒಂದೂ ಕೂಡಿದರೆ
ನಮ್ಮಲ್ಲಿ ಎರಡಾಗುವುದಿಲ್ಲ, ಬೇಟಿ.
ಒಮ್ಮೆ ಹದಿನೇಳು. ಒಮ್ಮೆ ಸೊನ್ನೆ.’

ಅವಳು ಗೆರೆಯನ್ನು ಒಂಚೂರು ಬಗ್ಗಿಸಿದಳು,
ಅವನ ಮನಸ್ಸಿಗೆ ನೋವಾಗದಿರಲಿ ಅಂತ.

ನಾನು ಮುಖ ಕಿವುಚಿಕೊಂಡು ಚಹಾ ಹೇಳಲು ಇಳಿದೆ.
ಎದುರು ಗೋದಾಮಿನ ಖಟಾವು ನನ್ನ ಮುಖ ನೋಡಿದ,
ತೂಗುತ್ತಿದ್ದ ಚೀಲ ತಡೆದು ಅರ್ಧ ಬಾಗಿಲು ಹಾಕಿದ.
ಅವನನ್ನು ನೋಡಿ ಪಕ್ಕದವ.
ಪಕ್ಕದವನ ಫೋನು ಕೊಚ್ಚಿಗೆ, ಕೊಚ್ಚಿಯಿಂದ ದುಬೈಗೆ.
ಚಹಾ ಕುದಿಯುವಷ್ಟರಲ್ಲಿ
ಕಿಲೋಗೆ ನಲವತ್ತು ಏರಿತ್ತು.

ನನಗೆ ಹಲ್ಲುನೋವು.
ದವಡೆಯಲ್ಲಿ ಇಟ್ಟುಕೊಂಡಿದ್ದೆ, ಬೆಳಗ್ಗೆಯಿಂದ,
ಸ್ಯಾಂಪಲ್ಲಿನ ಒಂದು ಲವಂಗ.