ಹೊರಗ ನಿಂತಾಕಿ

ಶಕ್ತಿನಗರದ ಕಾಲೋನಿ ಕೋರ್ಟಿನ್ಯಾಗ
ಗೆರಿ ಅನ್ನೋದು ದಿನಾ ಸಾಯ್ತದ.
ಚಿಮಣಿ ಬೂದಿ ರಾತ್ರಿಯೆಲ್ಲಾ ಉದುರಿ
ಮುಂಜಾನಿಗೆ ಒಳಗ್ಯಾವುದು ಹೊರಗ್ಯಾವುದು ತಿಳಿಯಂಗಿಲ್ಲ.
ಮೌಲಾಲಿ ಸರ್ ಸುಣ್ಣದ ಡಬ್ಬಿ ಹಿಡಕೊಂಡು
ಬಗ್ಗಿ ಬಗ್ಗಿ ಮತ್ತ ಎಳೀತಾರ,
ಬಾಯ್ಲರಿನ್ಯಾಗ ದುಡಿದ ನಡ ಒಂದು ಕೈಲೆ ಒತ್ತಿಕೋತ.

ಅವತ್ತು ಆ ಹಸಿ ಸುಣ್ಣಕ್ಕ ಒಂದು ಗೇಣು ಹಿಂದ
ನಾ ನಿಂತಿದ್ದೆ, ಚೆಂಡು ಎದಿಗೆ ಅವಚಿ.
ಒಂದು ಪಾಯಿಂಟು ಮುಂದ ನಾವು, ಹನ್ನೊಂದು ಸೆಕೆಂಡು ಬಾಕಿ.
ಎದುರಿಗೆ ಬಳ್ಳಾರಿಯ ಹಂಪಮ್ಮ,
ಮ್ಯಾಲಿನೂರವರು ಇಳಿಸಿದ ಕಾಲುವಿ ಗೇಟಿನಂಗ.

ರೆಫ್ರಿ ಕೈ ಬೀಸಿದ. ಒಂದು.

ಮನ್ಯಾಗ ಹೊರಗಂದ್ರ ಮೂರು ದಿನ.
ಹಿತ್ತಲ ಕಟ್ಟಿ, ಬ್ಯಾರೆ ಚರಿಗಿ, ಮಡಚಿದ ಕೌದಿ,
ಅವ್ವ ದೂರದಿಂದ ರೊಟ್ಟಿ ಜಾರಿಸೋದು.
ಇಲ್ಲಿ ಐದೇ ಸೆಕೆಂಡು.
ಕಾಯ್ದೆ ಮಾತ್ರ ಅವೇ.
ಗೆರಿ ತುಳಿಯಂಗಿಲ್ಲ.
ಗೆರಿ ದಾಟಿ ಯಾರೂ ನನ್ನ ಕಡೆ ಕೈ ಚಾಚಂಗಿಲ್ಲ.
ನಾ ಬಿಟ್ಟ ಚೆಂಡು ಒಳಗಿನವರು ಯಾರರ ಮುಟ್ಟೋತನಕ
ನಾ ಮುಟ್ಟಂಗಿಲ್ಲ.

ಈ ಪಾಠ ಹೇಳಿದ ದಿನ
ಮುಟ್ಟು ಅಂಬೋ ಮಾತಿಗೆ ತಸ್ಲೀಮಾ ಕಿಸಕ್ಕನ ನಕ್ಕಿದ್ಲು.
ಸರ್ ಸೀಟಿ ಬಾಯಾಗಿಟ್ಟು ಚಿಮಣಿ ನೋಡಿದ್ರು.

ತಸ್ಲೀಮಾ ಬಲಕ್ಕ ಓಡಿದ್ಲು, ಬೆನ್ನಿಗೊಬ್ಬಾಕಿ ಅಂಟಿದ್ಲು.
ಹುಲಿಗೆಮ್ಮ ನನ್ನ ಹೆಸರು ಕೂಗಿ, ಕೂಗಿ, ಬಿದ್ಲು.
ಎರಡು ಕೇಳಿತು. ಮೂರು ಕೇಳಲಿಲ್ಲ,
ಹೊಳಿ ಕಡೆಯಿಂದ ಗಾಳಿ ಎದ್ದು ಕಣ್ಣಾಗ ಬೂದಿ.

ನಾಲ್ಕಕ್ಕ
ಹಂಪಮ್ಮ ತಿರುಗಿದ್ಲು. ಬರೇ ತಿರುಗಿದ್ಲು,
ಸುಜಾತಾ ಎತ್ತ ಹೋದ್ಲು ಅಂತ ನೋಡಾಕ.
ನೀಲಿ ಅಂಗಿ ಮ್ಯಾಲ ಎಂಟನೇ ನಂಬರು,
ಸಡಿಲಿದ್ದಲ್ಲಿ ಪಿನ್ನು ಹಾಕಿ ಬಿಗಿ ಮಾಡ್ಯಾಳ.
ಅಕ್ಕಂದೋ ಯಾರದೋ ಇರಬೇಕು.

ಮೆಲ್ಲಕ, ನೆರಿಮನಿ ಬಾಗಿಲು ಬಡದಂಗ,
ಎಂಟರ ಕೆಳಗಿನ ಸುತ್ತಿಗೆ ಚೆಂಡು ಒಗದೆ.
ಮುಟ್ಟಿತು.
ಪುಟಿದು ಬರೋದ್ರಾಗ
ನಾ ಒಳಗ.

ಮುಂದಿಂದು ಸ್ಕೋರ್‌ಬುಕ್ಕಿನ್ಯಾಗ ಅದ:
ಹಂಪಮ್ಮ ನನ್ನ ಕೆಡವಿದ್ದು, ಎರಡು ಫ್ರೀ ಥ್ರೋ,
ಒಂದು ಬಿದ್ದದ್ದು, ಮೊಣಕಾಲು ಕಿತ್ತದ್ದು ಮಾತ್ರ ಬರದಿಲ್ಲ.

ಸಂಜಿಕೆ ಮನಿಗೆ ಬಂದೆ. ಎರಡನೇ ದಿನ ಅದು, ನನಗ.
ಅವ್ವ ಹೊಸ್ತಿಲದಾಗ ನಿಂತಿದ್ಲು,
ಹಿತ್ತಲ ದಾರಿ ಕಣ್ಣಿಲೆ ತೋರಿಸಿಕೋತ.
ನಾ ಎಣಿಸಲಿಲ್ಲ.
ಹಿಡಿ ಅಂದೆ.
ವಿಚಾರ ಮಾಡೋದ್ರಾಗ ಹಿಡದಿದ್ಲು,
ಎರಡೂ ಕೈಲೆ, ಎದಿಗೆ ಅವಚಿ, ಛಲೋ ಹಿಡದ್ಲು.

ಆಮ್ಯಾಲ ಅಂಗೈ ನೋಡಿಕೊಂಡ್ಲು.
ಬೂದಿ ಹತ್ತಿತ್ತು.